ಲೇಖನಿ ಹಿಡಿದ ಸೇನಾನಿ

1885ನೆಯ ಇಸವಿಯ ಬೇಸಿಗೆ ಕಾಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಟ್ಟವೊಂದರ ಮೇಲೆ ಒಂದು ಮನೆ. ಅದರ ಜಗಲಿಯಲ್ಲಿ ರೋಗಿಯೊಬ್ಬರು ಕುಳಿತು ಬರೆಯುತ್ತಿದ್ದರು. ಬೇಸಿಗೆಯಾದರೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು. ಅವರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಮಾತನಾಡಲು ಆಗುತ್ತಿರಲಿಲ್ಲ. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಅವರೇ ಅಮೆರಿಕದ ಹೆಸರಾಂತ ಸೇನಾನಿ ಯುಲಿಸಿಸ್ ಗ್ರಾಂಟ್.

ಗ್ರಾಂಟ್ ಅವರು 1822ರ ಏಪ್ರಿಲ್ 27ರಂದು ಓಹಾಯೋ ರಾಜ್ಯದಲ್ಲಿ ಜನಿಸಿದರು. ಅವರ ತಂದೆ ಚರ್ಮ ಹದ ಮಾಡುವ ಕೆಲಸ ಮಾಡುತ್ತಿದ್ದರು. ಗ್ರಾಂಟ್ ವೆಸ್ಟ್ ಪಾಯಿಂಟ್ ಎಂಬ ಸೈನಿಕ ಶಾಲೆಯಲ್ಲಿ ಕಲಿತು ಸೇನೆಗೆ ಸೇರಿದರು. ಮೆಕ್ಸಿಕೋ ದೇಶದೊಡನೆ ನಡೆದ ಯುದ್ಧದಲ್ಲಿ ಹೋರಾಡಿ ಬಂದ ಮೇಲೆ, 1848ರಲ್ಲಿ ಜೂಲಿಯಾ ಎಂಬವರನ್ನು ಮದುವೆಯಾದರು.

ಮುಂದೆ ಸೇನೆಯು ಅವರನ್ನು ಬಹುದೂರದ ಪೆಸಿಫಿಕ್ ಕರಾವಳಿಗೆ ಕಳುಹಿಸಿತು. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಆಗಲಿಲ್ಲ. 1854ರಲ್ಲಿ ಅವರು ಸೇನೆಯನ್ನು ಬಿಟ್ಟು ಮನೆಗೆ ಮರಳಿದರು. ಆಮೇಲೆ ಬೇಸಾಯ ಮಾಡಿದರು. ಮರದ ದಿಮ್ಮಿಗಳಿಂದ ತಾವೇ ಮನೆ ಕಟ್ಟಿದರು. ಸೇಂಟ್ ಲೂಯಿ ಪಟ್ಟಣದ ಬೀದಿಗಳಲ್ಲಿ ಸೌದೆ ಮಾರಿದರು. ಆದರೂ ಬಡತನ ನೀಗಲಿಲ್ಲ. ಕಷ್ಟದ ಆ ದಿನಗಳಲ್ಲಿ ಜೂಲಿಯಾ ಗಂಡನ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಗ್ರಾಂಟ್ ಮತ್ತೆ ಸೇನೆಗೆ ಸೇರಿದರು. ಜೂಲಿಯಾ ಆಗಾಗ ಸೇನಾ ಶಿಬಿರಕ್ಕೆ ಹೋಗಿ ಅವರ ಜೊತೆಗಿರುತ್ತಿದ್ದರು. 1865ರಲ್ಲಿ ಗ್ರಾಂಟ್ ಅವರ ಸೇನೆ ಗೆದ್ದಿತು. ದೇಶ ಒಡೆಯಲಿಲ್ಲ. ಅದೇ ವರ್ಷ ಗುಲಾಮಗಿರಿಯೂ ಕೊನೆಗೊಂಡಿತು. 1869ರಿಂದ 1877ರವರೆಗೆ ಗ್ರಾಂಟ್ ಅಮೆರಿಕದ ಅಧ್ಯಕ್ಷರಾಗಿದ್ದರು. ಬಳಿಕ ದಂಪತಿಗಳು ಲೋಕಸಂಚಾರ ಹೊರಟರು. 1879ರಲ್ಲಿ ನಮ್ಮ ಮುಂಬಯಿಗೂ ಬಂದಿದ್ದರು.

ಆದರೆ 1884ರಲ್ಲಿ ದೊಡ್ಡ ಆಘಾತ ಬಂದಿತು. ಗ್ರಾಂಟ್ ಹಣ ಹೂಡಿದ್ದ ಸಂಸ್ಥೆಯನ್ನು ಪಾಲುದಾರನೊಬ್ಬನು ಮೋಸದಿಂದ ಮುಳುಗಿಸಿದನು. ಅವರ ಹಣವೆಲ್ಲ ಹೋಯಿತು. ಮೇಲೆ ಒಂದೂವರೆ ಲಕ್ಷ ಡಾಲರ್ ಸಾಲ ಉಳಿಯಿತು. ಸಾಲ ಕೊಟ್ಟವರು ಅದನ್ನು ಬಿಟ್ಟುಬಿಡಲು ಸಿದ್ಧರಿದ್ದರು. ಗ್ರಾಂಟ್ ದಂಪತಿಗಳು ಒಪ್ಪಲಿಲ್ಲ. ತಮಗೆ ಗೌರವವಾಗಿ ದೊರೆತ ಖಡ್ಗಗಳನ್ನೂ ಪದಕಗಳನ್ನೂ ಕೊಟ್ಟುಬಿಟ್ಟರು. ಅವು ಕೊನೆಗೆ ದೇಶದ ಸೊತ್ತಾದವು.

ಅದೇ ವರ್ಷ ಗ್ರಾಂಟ್ ಅವರ ಗಂಟಲಿನಲ್ಲಿ ನೋವು ಕಾಣಿಸಿಕೊಂಡಿತು. ಅದು ವಾಸಿಯಾಗದ ರೋಗವೆಂದು ತಿಳಿಯಿತು. ತಾನು ಹೋದ ಮೇಲೆ ಜೂಲಿಯಾಳ ಗತಿಯೇನು ಎಂಬ ಚಿಂತೆ ಅವರನ್ನು ಕಾಡಿತು. ಅವರ ಬಳಿ ಉಳಿದುದು ಯುದ್ಧದ ನೆನಪುಗಳು ಮಾತ್ರ. ಅವುಗಳನ್ನೇ ಬರೆಯಲು ಕುಳಿತರು. ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ ಆ ಪುಸ್ತಕವನ್ನು ಪ್ರಕಟಿಸಲು ಮುಂದೆ ಬಂದರು. ಮೊದಲು ಗ್ರಾಂಟ್ ಹೇಳಿ ಬರೆಸುತ್ತಲೂ ಇದ್ದರು. ಸ್ವರ ಉಡುಗಿದಾಗ ಪೆನ್ಸಿಲ್ ಹಿಡಿದು ಬರೆದರು. ಜೂಲಿಯಾ ಕೊನೆಯ ತನಕ ಅವರ ಹತ್ತಿರವೇ ಇದ್ದರು.

ಬರವಣಿಗೆ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ಗ್ರಾಂಟ್ ತೀರಿಕೊಂಡರು. ಪುಸ್ತಕವು ಎರಡು ಸಂಪುಟಗಳಲ್ಲಿ ಹೊರಬಂದಿತು. ಜನರು ಅದನ್ನು ಮುಗಿಬಿದ್ದು ಕೊಂಡರು. ಜೂಲಿಯಾ ಅವರಿಗೆ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಹಣ ದೊರೆಯಿತು.

ಹೆಂಡತಿಗೂ ತನ್ನ ಪಕ್ಕದಲ್ಲೇ ಜಾಗ ಸಿಗುವಲ್ಲಿ ತನ್ನ ಸಮಾಧಿಯಾಗಬೇಕು ಎಂಬುದು ಗ್ರಾಂಟ್ ಅವರ ಆಸೆಯಾಗಿತ್ತು. 1902ರಲ್ಲಿ ಜೂಲಿಯಾ ನಿಧನರಾದರು. ಇಂದಿಗೂ ನ್ಯೂಯಾರ್ಕ್ ನಗರದ ದೊಡ್ಡ ಸಮಾಧಿ ಮಂದಿರದಲ್ಲಿ ಅವರಿಬ್ಬರೂ ಅಕ್ಕಪಕ್ಕದಲ್ಲಿದ್ದಾರೆ. ಅನೇಕ ಯುದ್ಧಗಳನ್ನು ಗೆದ್ದ ಸೇನಾನಿಯ ಕೊನೆಯ ಗೆಲುವು ಖಡ್ಗದಿಂದ ಬಂದುದಲ್ಲ, ಪೆನ್ಸಿಲಿನಿಂದ ಬಂದುದು.