ಬ್ರಹ್ಮಕ್ಷತ್ರ ಕುಲತಿಲಕ ಚಾವುಂಡರಾಯ

ವಿಂಧ್ಯಗಿರಿಯ ಗೊಮ್ಮಟೇಶ್ವರನನ್ನು ಕಡೆಯಿಸಿದ ಪುಣ್ಯಪುರುಷನೆಂದು ಚಾವುಂಡರಾಯನನ್ನು ಸ್ಮರಿಸದ ಶ್ರಾವಕರಿಲ್ಲ. ಆದರೆ ಆತನ ಆಯುಷ್ಯದ ಬಹುಭಾಗವು ಕಳೆದುದು ರಣರಂಗದಲ್ಲಿ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ತಲಕಾಡಿನ ಗಂಗ ಅರಸರಾದ ಇಮ್ಮಡಿ ಮಾರಸಿಂಹ, ನಾಲ್ವಡಿ ರಾಚಮಲ್ಲ ಇವರಲ್ಲಿ ಚಾವುಂಡರಾಯನು ಮಂತ್ರಿಯೂ ದಂಡನಾಯಕನೂ ಆಗಿದ್ದನು. ತಾಯಿ ಕಾಳಲಾದೇವಿ; ಕುಲ ಬ್ರಹ್ಮಕ್ಷತ್ರ. ಬ್ರಾಹ್ಮಣ ಮೂಲದವರಾಗಿದ್ದು ಶಸ್ತ್ರವೃತ್ತಿಯನ್ನು ಹಿಡಿದ ಮನೆತನಗಳು ಈ ಹೆಸರನ್ನು ಧರಿಸುತ್ತಿದ್ದವೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕರ್ಣಾಟ ಮೂಲದವರಾಗಿ ಬಂಗಾಳವನ್ನಾಳಿದ ಸೇನ ಅರಸರೂ ತಮ್ಮ ಶಾಸನದಲ್ಲಿ ಇದೇ ಕುಲವನ್ನು ಹೇಳಿಕೊಂಡಿದ್ದಾರೆ. ಅಂದಿನ ಸಮಾಜದಲ್ಲಿ ಇದು ಸಣ್ಣ ಗೌರವವಾಗಿರಲಿಲ್ಲ. ಜಿನಸೇನಾಚಾರ್ಯರ ಆದಿಪುರಾಣವಾದರೋ ಮನುಷ್ಯಜಾತಿ ಒಂದೇ, ವೃತ್ತಿಭೇದದಿಂದ ಅದು ನಾಲ್ಕಾಯಿತೆಂದು ತಿಳಿಸುತ್ತದೆ. ಶಸ್ತ್ರ ಹಿಡಿದು ಪ್ರಜೆಯನ್ನು ಕಾಯುವವನು ಕ್ಷತ್ರಿಯ. ಈ ದೃಷ್ಟಿಯಿಂದ ನೋಡಿದರೆ ಚಾವುಂಡರಾಯನ ಕ್ಷಾತ್ರವು ಹುಟ್ಟಿನಿಂದ ಬಂದುದಕ್ಕಿಂತ ಗಳಿಸಿದ್ದೇ ಹೆಚ್ಚು.

ಆತನ ಒಂದೊಂದು ಬಿರುದಿನ ಹಿಂದೆಯೂ ಒಂದೊಂದು ಕಾಳಗವಿದೆ. ಗೋನೂರ ಬಯಲಿನಲ್ಲಿ ನೊಳಂಬರನ್ನು ಎದುರಿಸಿ ವೀರಮಾರ್ತಾಂಡನಾದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಗೆದ್ದು ರಣರಂಗಸಿಂಗನಾದನು. ತನ್ನ ಸೋದರ ನಾಗವರ್ಮನನ್ನು ಕೊಂದವನನ್ನು ಕೊಂದು ಸಮರಪರಶುರಾಮನೆನಿಸಿದನು. ಕ್ಷತ್ರಿಯರ ಹಗೆಯಾದ ಭಾರ್ಗವನ ಹೆಸರು ಕ್ಷಾತ್ರಕ್ಕಾಗಿಯೇ ಬಿರುದಾದುದು ವಿಚಿತ್ರವೇ ಸರಿ. ಆದರೆ ಬ್ರಹ್ಮಕ್ಷತ್ರನಿಗೆ ಅದಕ್ಕಿಂತ ಒಪ್ಪುವ ಹೆಸರು ಬೇರೊಂದಿರಲಾರದು. ಹಾಸ್ಯಕ್ಕೂ ಸುಳ್ಳಾಡದವನಾದ್ದರಿಂದ ಸತ್ಯಯುಧಿಷ್ಠಿರನೆಂಬ ಹೆಸರೂ ಇತ್ತು. ಉಳಿದ ಬಿರುದುಗಳಿಗಿಂತ ಇದೇ ದೊಡ್ಡದು.

ಅಹಿಂಸೆಯೇ ಪರಮಧರ್ಮವಾದವನಿಗೆ ಇಷ್ಟು ರಕ್ತಪಾತ ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆ ಏಳುವುದು ಸಹಜ. ಶ್ರಾವಕನು ಬಿಡಬೇಕಾದುದು ಸಂಕಲ್ಪಹಿಂಸೆ. ನಾಡಿನ ರಕ್ಷಣೆಗಾಗಿ ಒದಗುವ ವಿರೋಧಿಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ಶಾಸ್ತ್ರಜ್ಞರು ಸಮಾಧಾನ ಹೇಳುತ್ತಾರೆ. ಆದರೂ ಸೋದರನ ಹಗೆಯನ್ನು ತೀರಿಸಿದ್ದು ಇದರೊಳಗೆ ಸುಲಭವಾಗಿ ಅಡಗದು. ಒಡೆಯನಾದ ಮಾರಸಿಂಹನೇ 974ರ ಸುಮಾರಿಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅದೇ ಆಚಾರ್ಯರು ಚಾವುಂಡರಾಯನಿಗೂ ಗುರುಗಳು. ಮುಂದೆ 978ರಲ್ಲಿ ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ಕೆಲವೇ ವರ್ಷಗಳಲ್ಲಿ 58 ಅಡಿಯ ಬಾಹುಬಲಿ ಮೂರ್ತಿ ಎದ್ದು ನಿಂತಿತು. ಯುದ್ಧವನ್ನು ಗೆದ್ದೂ ರಾಜ್ಯವನ್ನು ಒಲ್ಲದೆ ಹೋದವನನ್ನು ಈ ದಂಡನಾಯಕನು ಆರಿಸಿಕೊಂಡದ್ದು ಕೇವಲ ಆಕಸ್ಮಿಕವೆನ್ನಲಾಗದು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಈತನಿಗಾಗಿ ಗೊಮ್ಮಟಸಾರವನ್ನು ರಚಿಸಿದರು. ಕವಿ ರನ್ನನಿಗೂ ಈತನ ಆಶ್ರಯವಿತ್ತು.

ವಿಂಧ್ಯಗಿರಿಯನ್ನೇರುವ ಯಾತ್ರಿಕರು ತ್ಯಾಗದ ಬ್ರಹ್ಮದೇವ ಕಂಬದ ಬಳಿ ಒಂದು ಕ್ಷಣ ನಿಲ್ಲಬೇಕು. ಅದರ ಉತ್ತರ ಮುಖದಲ್ಲಿ ಬ್ರಹ್ಮಕ್ಷತ್ರ ಕುಲದ ಕೀರ್ತನೆಯಿಂದ ತೊಡಗಿ ಚಾವುಂಡರಾಯನ ಪರಾಕ್ರಮವನ್ನು ಕೆತ್ತಲಾಗಿದೆ. ಶಾಸನ ಅಲ್ಲಿಗೇ ನಿಂತುಹೋಗುತ್ತದೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬಾತನು ತನ್ನ ಎರಡೂವರೆ ಸಾಲಿನ ಬರಹಕ್ಕಾಗಿ ಉಳಿದ ಮೂರು ಮುಖಗಳನ್ನೂ ಅಳಿಸಿಹಾಕಿಸಿದನೆಂದು ಶಾಸನತಜ್ಞರು ಊಹಿಸಿದ್ದಾರೆ. ಗೊಮ್ಮಟನ ಪಾದದ ಬಳಿ ಮಾತ್ರ ಮಾಡಿಸಿದವನು ಚಾವುಂಡರಾಯ ಎಂಬ ಮಾತು ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿ ಉಳಿದಿದೆ. ಅಲ್ಲಿ ಕುಲದ ಹೆಸರಿಲ್ಲ, ಬಿರುದುಗಳೂ ಇಲ್ಲ.