ನಮ್ಮವರ ಮುಂದೆಯೇ ಸತ್ಯ ನುಡಿದ ಕುದ್ಮುಲ್ ರಂಗರಾವ್

ಸರಕಾರದ ಮುಂದೆ ಬಾಯಿ ತೆರೆಯುವುದು ಗಡಿನಾಡ ಕನ್ನಡಿಗರಾದ ನಮಗೆ ಹೊಸತಲ್ಲ. 1956ರಿಂದೀಚೆಗೆ ನಾವು ಸಭೆ ಸೇರಿದ್ದೇವೆ, ಠರಾವು ಮಾಡಿದ್ದೇವೆ, ಶಾಲೆಗಾಗಿ, ಅಧ್ಯಾಪಕರಿಗಾಗಿ, ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲಿಯೇ ಉತ್ತರ ಸಿಗಬೇಕೆಂದು ಮನವಿ ಸಲ್ಲಿಸಿದ್ದೇವೆ. ಇದೆಲ್ಲ ಆಗಲೇಬೇಕಾದ ಕೆಲಸ. ಆದರೆ ಪರರ ತಪ್ಪನ್ನು ಎತ್ತಿ ಹೇಳಿದಷ್ಟು ಸುಲಭವಾಗಿ ನಮ್ಮ ಬಂಧುಗಳ, ನಮ್ಮ ಜಾತಿಯವರ, ನಮ್ಮ ನೆರೆಕರೆಯವರ ತಪ್ಪನ್ನು ಅವರೆದುರಿನಲ್ಲೇ ಹೇಳಬಲ್ಲೆವೇ? ಹೀಗೆ ಹೇಳಿ, ಅದರ ಫಲವನ್ನು ಜೀವಮಾನವಿಡೀ ಉಂಡ ಒಬ್ಬ ಮಹನೀಯರು ನಮ್ಮ ಕಾಸರಗೋಡಿನಲ್ಲಿಯೇ ಹುಟ್ಟಿದವರು. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು ಜನಿಸಿದ್ದು 1859ರ ಜೂನ್ 29ರಂದು. ಕಾಸರಗೋಡು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ತಂದೆಯನ್ನು ಕಳಕೊಂಡ ಮೇಲೆ, ಇನ್ನೂ ಮೀಸೆ ಚಿಗುರುವ ಪ್ರಾಯದಲ್ಲಿಯೇ, ಜೀವನೋಪಾಯವನ್ನರಸಿ ಮಂಗಳೂರಿಗೆ ತೆರಳಿದರು. ಅಲ್ಪ ಸಂಬಳಕ್ಕೆ ಶಾಲೆಯಲ್ಲಿ ಉಪಾಧ್ಯಾಯರಾದರು. ಅನಂತರ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲಿ ವೃತ್ತಿಗಿಳಿದರು. ಬಡವರ ಪರವಾಗಿ ವಾದಿಸುವ ವಕೀಲರೆಂದು ಹೆಸರಾಯಿತು. ಮಂಗಳೂರಿನ ಬ್ರಹ್ಮಸಮಾಜದ ಸಂಪರ್ಕವೂ ಅವರಿಗೆ ಒದಗಿತು. ಸುಮ್ಮನಿದ್ದಿದ್ದರೆ ಮನೆಮಠ ಕಟ್ಟಿಕೊಂಡು, ಜಾತಿಯವರಿಂದ ಗೌರವ ಪಡೆದು ಸುಖವಾಗಿ ಇರಬಹುದಿತ್ತು.

ಆ ಕಾಲದಲ್ಲಿ ಪಂಚಮರೆಂದು ಕರೆಯಲ್ಪಡುತ್ತಿದ್ದ ಜನರ ಪಾಡನ್ನು ಇಂದಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗುತ್ತದೆ. ಅವರು ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ, ದೇವಸ್ಥಾನದ ದಾರಿಯಲ್ಲಿ ನಡೆಯುವಂತಿರಲಿಲ್ಲ. ಅಕ್ಷರದ ಮಾತಂತೂ ದೂರವೇ ಉಳಿಯಿತು. ಆ ವರ್ಗದ ಬೆಂದೂರು ಬಾಬು ಎಂಬಾತ ಹೇಗೋ ನಾಲ್ಕಕ್ಷರ ಕಲಿತು ಮಂಗಳೂರಿನ ಕೋರ್ಟಿನಲ್ಲಿ ಜವಾನನಾದಾಗ ಮೇಲುಜಾತಿಯವರು ಸಹಿಸಲಿಲ್ಲ. ವಿರೋಧದ ಬಿರುಸಿಗೆ ಆತ ಕೆಲಸವನ್ನೇ ಕಳಕೊಳ್ಳಬೇಕಾಯಿತು. ವಿರೋಧಿಸಿದವರಲ್ಲಿ ಓದುಬರಹ ಬಲ್ಲವರೂ ಇದ್ದರು. ಅದು ಅನ್ಯಾಯವೆಂದು ಮನಸ್ಸಿನೊಳಗೆ ತಿಳಿದೂ ಬಾಯಿ ಬಿಡದವರು ಅದೆಷ್ಟು ಮಂದಿ ಇದ್ದರೋ! ರಂಗರಾಯರು ಬಾಯಿ ಬಿಟ್ಟರು. ಮನುಷ್ಯನನ್ನು ಮುಟ್ಟಬಾರದೆನ್ನುವ ಧರ್ಮ ಧರ್ಮವಲ್ಲವೆಂಬ ತಮ್ಮ ಅಭಿಪ್ರಾಯವನ್ನು ಸ್ವಜಾತಿಯವರಿಂದ ಮುಚ್ಚಿಡಲಿಲ್ಲ.

ಆಡಿದ ಮಾತನ್ನು ಅವರು ಅಲ್ಲಿಗೇ ಬಿಡಲಿಲ್ಲ. 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು. ಪಾಠ ಹೇಳಲು ಮೇಲುಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡರು. ಕೂಲಿಯ ಆಸೆಗೆ ಮಕ್ಕಳನ್ನು ಮನೆಯಲ್ಲೇ ನಿಲ್ಲಿಸುವ ಹೆತ್ತವರೂ ಇದ್ದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟವನ್ನೂ ಒದಗಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಮಂಗಳೂರಿನಲ್ಲಿ ಸ್ಥಾಪಿಸಿದರು. ಕಂಕನಾಡಿ, ಮೂಲ್ಕಿ, ಉಡುಪಿ ಮೊದಲಾದೆಡೆ ಶಾಲೆಗಳಾದವು. ನೇಯ್ಗೆ, ಮರಗೆಲಸಗಳ ತರಬೇತಿ ನಡೆಯಿತು. ಸರಕಾರದಿಂದ ಜಾಗ ದೊರಕಿಸಿ ಮನೆಯಿಲ್ಲದವರಿಗೆ ನೆಲೆ ಮಾಡಿಕೊಡುವ ಕೆಲಸವೂ ಸಾಗಿತು.

ಇದರ ಬೆಲೆಯನ್ನು ಅವರು ತೆರಲೇಬೇಕಾಯಿತು. ಜಾತಿಯಿಂದ ಬಹಿಷ್ಕಾರ ಬಂತು. ಬಂಧುಗಳ ಮನೆಯ ಬಾಗಿಲು ಮುಚ್ಚಿತು. ಬಹಿಷ್ಕಾರವೆಂದರೆ ಅದು ಹೇಳಿದವನೊಬ್ಬನ ತಲೆಗೆ ಮಾತ್ರ ಬೀಳುವುದಲ್ಲ. ಮಡದಿ ಮಕ್ಕಳೂ ಅದನ್ನು ಹೊರಬೇಕು. ಮದುವೆ ಮುಂಜಿಗೆ ಕರೆಯುವವರಿಲ್ಲ, ಕಷ್ಟಕಾಲಕ್ಕೆ ಬರುವವರಿಲ್ಲ. ಅಂದಿನ ದಿನಗಳಲ್ಲಿ ಇದು ಸೆರೆಮನೆಗಿಂತ ಕಡಿಮೆಯ ಶಿಕ್ಷೆಯಾಗಿರಲಿಲ್ಲ. ಆದರೂ ಆಡಿದ ಮಾತನ್ನು ರಂಗರಾಯರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೈದವರನ್ನು ತಿರುಗಿ ಬೈಯುತ್ತಾ ಕಾಲ ಕಳೆಯಲೂ ಇಲ್ಲ. ಶಾಲೆಗಳ ಕೆಲಸ ನಡೆಯುತ್ತಲೇ ಹೋಯಿತು.

ಊರಿಗೆ ಒಂದು ನ್ಯಾಯ, ತನ್ನ ಮನೆಗೆ ಇನ್ನೊಂದು ಎಂಬುದು ಅವರಲ್ಲಿರಲಿಲ್ಲ. ಅವರ ಮಗಳು ರಾಧಾಬಾಯಿಯವರ ಮದುವೆ ಅನ್ಯಜಾತಿಯ, ತಮಿಳು ನಾಡಿನ ಕುಮಾರಮಂಗಲಂ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಸುಬ್ಬರಾಯನ್ 1926ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿ ಹೆಂಗಸರ ಹಕ್ಕಿನ ಪರವಾಗಿ ಮಾತನಾಡಿದರು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ಪಿ. ಪಿ. ಕುಮಾರಮಂಗಲಂ ರಂಗರಾಯರ ಮೊಮ್ಮಗ. ತಂದೆ ಸತ್ಯ ನುಡಿದರೆ ಮಕ್ಕಳ ಬಾಳು ಹಾಳಾಗುತ್ತದೆಂದು ಹೆದರಿಸುವವರು ಈ ಮನೆತನದ ಕಥೆಯನ್ನು ತಿಳಿಯಬೇಕು.

ಇಳಿವಯಸ್ಸಿನಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ಊರಿನ ಕೊಳೆ ತೆಗೆಯುವ ತೋಟಿ ಜನರೇ ಹೊರಬೇಕೆಂಬುದು ಅವರ ಕೊನೆಯ ಇಚ್ಛೆ. ಬದುಕಿದ್ದಾಗ ಏನು ಹೇಳಿದ್ದರೋ ಅದನ್ನೇ ಚಟ್ಟದ ಮೇಲೂ ಹೇಳಿ ಹೋದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಸೇವೆಯನ್ನು ಸ್ಮರಿಸಿ ಕೊಂಡಾಡಿದರು. ಅಂದು ಬಹಿಷ್ಕಾರ ಕೊಟ್ಟ ಅದೇ ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರು.

ಅವರು ಹುಟ್ಟಿದ ಊರಿನವರಾದ ನಾವು ಏನು ಮಾಡಬೇಕು? ಜಯಂತಿ ಆಚರಿಸಿ ಹಾರ ಹಾಕಿದರೆ ಸಾಲದು. ಅಲ್ಪಸಂಖ್ಯಾತರಾದ ನಮಗೆ ಒಗ್ಗಟ್ಟು ಬೇಕು, ನಿಜ. ಆದರೆ ಒಗ್ಗಟ್ಟಿನ ಹೆಸರಿನಲ್ಲಿ ನಮ್ಮೊಳಗಿನ ಅನ್ಯಾಯಕ್ಕೆ ಕಣ್ಣು ಮುಚ್ಚಿದರೆ, ಹೊರಗಿನವರಿಂದ ನ್ಯಾಯ ಕೇಳುವ ನಮ್ಮ ದನಿಗೆ ಬಲವೆಲ್ಲಿಂದ ಬರಬೇಕು? ನಮ್ಮ ಸಭೆಯಲ್ಲಿ, ನಮ್ಮ ಕುಟುಂಬದ ಜಗಲಿಯಲ್ಲಿ, ಒಬ್ಬ ತರುಣನೋ ತರುಣಿಯೋ ಎದ್ದು ನಿಂತು ಇದು ಸರಿಯಲ್ಲವೆಂದು ಹೇಳಿದಾಗ ಗದರಿಸಿ ಕೂರಿಸದೆ ಕಿವಿಗೊಡೋಣ. ರಂಗರಾಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.