ನಿಷ್ಠುರ ಕಾದಂಬರಿಕಾರ ಬಸವರಾಜ ಕಟ್ಟೀಮನಿ

ಸಮಾಜದ ದೋಷಗಳನ್ನು ಕಂಡೂ ಕಾಣದಂತಿರುವುದು ಸುಲಭ. ಕಂಡುದನ್ನು ಕಂಡಂತೆಯೇ ನುಡಿಯುವುದು ಕಠಿನ. ಈ ಕಠಿನ ಮಾರ್ಗವನ್ನೇ ಹಿಡಿದು ನಡೆದ ಉತ್ತರ ಕರ್ನಾಟಕದ ಸಾಹಿತಿಗಳಲ್ಲಿ ಬಸವರಾಜ ಕಟ್ಟೀಮನಿಯವರು ಅಗ್ರಗಣ್ಯರು.

ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಮಲಾಮರಡಿ ಗ್ರಾಮದಲ್ಲಿ 1919ರ ಅಕ್ಟೋಬರ್ 5ರಂದು ಅವರು ಜನಿಸಿದರು. 1942ರ ಚಲೇಜಾವ್ ಚಳವಳಿಯಲ್ಲಿ ಪಾಲ್ಗೊಂಡು ಹಿಂಡಲಗಾ ಸೆರೆಮನೆಯನ್ನು ಕಂಡರು. ಪತ್ರಕರ್ತರಾಗಿ ದುಡಿದು ಜನಜೀವನವನ್ನು ಹತ್ತಿರದಿಂದ ಅರಿತರು. ಅ.ನ.ಕೃ., ತ.ರಾ.ಸು., ನಿರಂಜನ ಮೊದಲಾದವರ ಪ್ರಗತಿಶೀಲ ಪಂಥದಲ್ಲಿ ಉತ್ತರದ ಗಂಡುದನಿಯಾಗಿ ನಿಂತರು.

ಅನುಭವವೇ ಅವರ ಕೃತಿಗಳ ಮೂಲದ್ರವ್ಯ. ಸ್ವಾತಂತ್ರ್ಯ ಸಮರದ ತ್ಯಾಗ ಬಲಿದಾನಗಳು 'ಮಾಡಿ ಮಡಿದವರು' ಕಾದಂಬರಿಯಲ್ಲಿ ಮೂಡಿನಿಂತವು. 1974ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಪತ್ರಿಕಾರಂಗದ ಒಳಬದುಕನ್ನು ತೆರೆದಿಟ್ಟ 'ಜ್ವಾಲಾಮುಖಿಯ ಮೇಲೆ' ಕೃತಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಸಂದಿತು. 'ಖಾನಾವಳಿಯ ನೀಲಾ', 'ಜನಿವಾರ ಮತ್ತು ಶಿವದಾರ' ಮೊದಲಾದ ಕೃತಿಗಳ ಹೆಸರುಗಳೇ ಅವರ ದೃಷ್ಟಿ ಯಾವೆಡೆ ಹರಿದಿತ್ತೆಂಬುದನ್ನು ಸೂಚಿಸುತ್ತವೆ.

ಅವರು ತಮ್ಮ ಸಮಾಜವನ್ನೂ ವಿಮರ್ಶೆಗೆ ಹೊರತಾಗಿಸಲಿಲ್ಲ. ಮಠದ ಪೀಠವು ವೈರಾಗ್ಯವನ್ನು ಮರೆತು ವೈಭವಕ್ಕೆ ಒಲಿದರೆ ಆಗುವ ಅನರ್ಥವನ್ನು 'ಜರತಾರಿ ಜಗದ್ಗುರು' ಕಾದಂಬರಿಯಲ್ಲಿ ನಿರ್ದಾಕ್ಷಿಣ್ಯವಾಗಿ ಚಿತ್ರಿಸಿದರು. ಕಾವಿಯ ಅಂಚಿಗೆ ಜರತಾರಿ ಏಕೆಂಬುದೇ ಅಲ್ಲಿನ ಪ್ರಶ್ನೆ. ಇದನ್ನು ಧರ್ಮದ್ರೋಹವೆಂದು ಬಗೆಯುವುದು ಸಲ್ಲದು. ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಆಡಂಬರವನ್ನು ಖಂಡಿಸಿ, ಕಾಯಕ ದಾಸೋಹಗಳನ್ನು ಎತ್ತಿಹಿಡಿದರು. ಆ ಒರೆಗಲ್ಲಿಗೆ ತಮ್ಮವರನ್ನೇ ತಿಕ್ಕಿ ನೋಡಿದ ಲೇಖಕನು ದ್ರೋಹಿಯಲ್ಲ, ಹಿತೈಷಿ. ಕಹಿಯಾದರೂ ಮದ್ದು ಮದ್ದೇ. ಅನ್ನದಾಸೋಹ, ಅಕ್ಷರದಾಸೋಹಗಳಲ್ಲಿ ತೊಡಗಿದ ಮಠಗಳು ಇಂಥ ಪ್ರಶ್ನೆಗೆ ಅಂಜಬೇಕಾದುದಿಲ್ಲ. ಆ ಕಾರ್ಯವೇ ಅದಕ್ಕೆ ತಕ್ಕ ಉತ್ತರ.

ನಾಡು ಅವರ ನಿಷ್ಠುರತೆಯನ್ನು ಕಡೆಗಣಿಸಲಿಲ್ಲ. ಅವರು ವಿಧಾನ ಪರಿಷತ್ತಿನ ಸದಸ್ಯರಾದರು. 1980ರಲ್ಲಿ ಬೆಳಗಾವಿಯಲ್ಲಿ ಜರುಗಿದ 52ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. 1989ರ ಅಕ್ಟೋಬರ್ 23ರಂದು ಕಾಲವಶರಾದರು.

ಹೊಗಳಿಕೆಯಿಂದ ಸಂಸ್ಥೆಗಳು ಸಂತೋಷಪಡುತ್ತವೆ, ನಿಜನುಡಿಯಿಂದ ಶುದ್ಧವಾಗುತ್ತವೆ. ಮಠದ ಅನ್ನವುಂಡು ಅಕ್ಷರ ಕಲಿತ ವಿದ್ಯಾರ್ಥಿಯ ಕೈಗೆ ಕಟ್ಟೀಮನಿಯವರ ಕೃತಿಗಳನ್ನು ಅಂಜಿಕೆಯಿಲ್ಲದೆ ಇತ್ತಾಗ, ಗುರುಗಳು ಆ ನಿಷ್ಠುರ ಚೇತನಕ್ಕೆ ತಕ್ಕ ಗೌರವವನ್ನು ಸಲ್ಲಿಸಿದಂತಾಗುತ್ತದೆ.